ಎವ್ರಮಾಂಡ್‌ನ ಮೊದಲ ಬಾಟಲಿ: ಕೆಂಟಿನ ಸುಣ್ಣದ ನೆಲದಲ್ಲಿ ಹತ್ತು ವರ್ಷದ ಲೆಕ್ಕ

2025ರ ವಸಂತದಲ್ಲಿ ಬ್ರಿಟನ್ನಿನ ವೈನ್ ಅಂಗಡಿಗಳಿಗೆ ಒಂದು ಹೊಸ ಸ್ಪಾರ್ಕ್ಲಿಂಗ್ ವೈನ್, ಅಂದರೆ ಗುಳ್ಳೆಯೇಳುವ ವೈನ್, ಬಂತು. ಹೆಸರು ಡೊಮೇನ್ ಎವ್ರಮಾಂಡ್, ಕ್ಲಾಸಿಕ್ ಕ್ಯುವೇ, ಎಡಿಷನ್ 1. ಬೆಲೆ ಸುಮಾರು 50 ಪೌಂಡ್, ಅಂದರೆ ನಮ್ಮ ಲೆಕ್ಕದಲ್ಲಿ 5 ಸಾವಿರ ರೂಪಾಯಿಗೂ ಮೇಲೆ. ಇಂಗ್ಲೆಂಡಿನಲ್ಲಿ ಹೊಸ ಸ್ಪಾರ್ಕ್ಲಿಂಗ್ ವೈನ್ ಬರುವುದು ಈಗ ಸುದ್ದಿಯೇ ಅಲ್ಲ. ಆದರೆ ಇದನ್ನು ಮಾಡಿಸಿದವರು ಫ್ರಾನ್ಸಿನ ಟೈಟಿಂಜರ್ ಮನೆಯವರು. ಶಾಂಪೇನ್ ಪ್ರಾಂತ್ಯದ ರೀಮ್ಸ್ ಊರಿನಲ್ಲಿ ತಲೆಮಾರುಗಳಿಂದ ಶಾಂಪೇನ್ ಮಾಡಿಕೊಂಡು ಬಂದವರು. ಅವರು ಕಡಲು ದಾಟಿ ಬಂದು, ಇಂಗ್ಲೆಂಡಿನ ಆಗ್ನೇಯ ಮೂಲೆಯ ಕೆಂಟ್ ಕೌಂಟಿಯಲ್ಲಿ ಹೊಲ ಕೊಂಡು, ದ್ರಾಕ್ಷಿ ನೆಟ್ಟು ಈ ವೈನ್ ಮಾಡಿದ್ದಾರೆ.

ಇದರ ಬಗ್ಗೆ ಬಂದ ಬರಹಗಳೆಲ್ಲ ಬಹುಪಾಲು ಒಂದೇ ಮಾತು ಹೇಳುತ್ತವೆ. ಭೂಮಿ ಬಿಸಿಯಾಗುತ್ತಿದೆ, ಶಾಂಪೇನಿನವರು ತಂಪು ಹುಡುಕಿ ಉತ್ತರಕ್ಕೆ ಹೊರಟಿದ್ದಾರೆ ಅಂತ. ಸುಳ್ಳೇನಲ್ಲ. ಆದರೆ ಈ ಪ್ರಕರಣವನ್ನು ಮೊದಲಿಂದ ಕೊನೆವರೆಗೆ ಬಿಡಿಸಿ ನೋಡಿದರೆ ನನಗೆ ಕಾಣುವುದು ಬೇರೆ. ಹವಾಮಾನ ಬಾಗಿಲು ತೆರೆಯಿತು, ಅಷ್ಟೇ. ಒಳಗೆ ಕಾಲಿಡಬೇಕಾದರೆ ಹತ್ತು ವರ್ಷ ಒಂದು ಪೈಸೆ ವಾಪಸ್ ಬರದೆ ಕೂರಬಲ್ಲ ದುಡ್ಡು ಬೇಕಿತ್ತು. ಈ ವೈನ್‌ನ ಒಂದೊಂದು ತೀರ್ಮಾನದಲ್ಲೂ ಆ ದುಡ್ಡಿನ ಗುರುತು ಇದೆ.

ಹಿನ್ನೆಲೆ

2015ರ ಡಿಸೆಂಬರ್‌ನಲ್ಲಿ ಸುದ್ದಿ ಹೊರಬಿತ್ತು. ಟೈಟಿಂಜರ್ ಮನೆಯವರು ಕ್ಯಾಂಟರ್‌ಬರಿ ಹತ್ತಿರದ ಚಿಲಮ್ ಹಳ್ಳಿಯ ಬಳಿ 69 ಹೆಕ್ಟೇರ್ ಜಮೀನು ಕೊಂಡಿದ್ದಾರೆ ಅಂತ. ನಮ್ಮ ಎಕರೆ ಲೆಕ್ಕದಲ್ಲಿ 170. ಅಲ್ಲಿಯವರೆಗೆ ಅದು ಸೇಬಿನ ತೋಟ. ಕೆಂಟ್ ಅಂದರೆ ಸೇಬು, ಚೆರ್ರಿ, ಬಿಯರಿಗೆ ಹಾಕುವ ಹಾಪ್ಸ್ ಬೆಳೆಯುವ ಸೀಮೆ. ಇಂಗ್ಲೆಂಡಿನವರು ಅದನ್ನು ತಮ್ಮ ದೇಶದ ತೋಟ ಅಂತಲೇ ಕರೆಯುತ್ತಾರೆ. ಶಾಂಪೇನ್ ಮನೆಯೊಂದು ಸ್ಪಾರ್ಕ್ಲಿಂಗ್ ವೈನ್‌ಗಾಗಿ ಇಂಗ್ಲೆಂಡಿನಲ್ಲಿ ನೆಲ ಕೊಂಡದ್ದು ಅದೇ ಮೊದಲು.

ಹೆಚ್ಚಿನ ಪಾಲು ಟೈಟಿಂಜರ್ ಅವರದು. ಜೊತೆಗೆ ಅವರ ವೈನನ್ನು ಬ್ರಿಟನ್ನಿಗೆ ತರಿಸಿ ಮಾರುವ ಹ್ಯಾಚ್ ಮ್ಯಾನ್ಸ್‌ಫೀಲ್ಡ್ ಕಂಪನಿ ಮತ್ತು ಕೆಲವು ಸ್ನೇಹಿತರು ಪಾಲುದಾರರಾದರು. ಮುಂದೆ ನಿಂತವರು ಇಬ್ಬರು: ಆ ಹೊತ್ತಿಗೆ ಟೈಟಿಂಜರ್ ಮನೆಯ ಯಜಮಾನರಾಗಿದ್ದ ಪಿಯರ್ ಇಮ್ಯಾನ್ಯುಯೆಲ್ ಟೈಟಿಂಜರ್ ಮತ್ತು ಹ್ಯಾಚ್ ಮ್ಯಾನ್ಸ್‌ಫೀಲ್ಡ್‌ನ ಪ್ಯಾಟ್ರಿಕ್ ಮೆಗ್ರಾ. ಇದು ಗಮನಿಸಬೇಕಾದ ವಿಷಯ. ಬೆಳೆಯುವವರು ಮತ್ತು ಮಾರುವವರು ಮೊದಲ ದಿನದಿಂದಲೇ ಒಂದೇ ಕಡೆ ಕೂತಿದ್ದರು. ಇಂಗ್ಲೆಂಡಿನ ಎಷ್ಟೋ ತೋಟದವರು ವೈನ್ ಮಾಡಿ ಮುಗಿಸಿದ ಮೇಲೆ ಗಿರಾಕಿ ಹುಡುಕಲು ಹೊರಡುತ್ತಾರೆ. ಇಲ್ಲಿ ಅಂಗಡಿಯ ದಾರಿ ಬಳ್ಳಿ ನೆಡುವ ಮುಂಚೆಯೇ ಗೊತ್ತಿತ್ತು.

ಟೈಟಿಂಜರ್ ಮನೆಗೆ ಹೊರದೇಶದಲ್ಲಿ ವೈನ್ ಮಾಡುವುದು ಹೊಸದೂ ಅಲ್ಲ. 1987ರಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಡೊಮೇನ್ ಕಾರ್ನೆರೋಸ್ ಶುರು ಮಾಡಿದ್ದರು. ಅದು ಬಿಸಿಲ ನಾಡು. ಈ ಸಲ ಮಳೆಯ ನಾಡಿಗೆ ಬಂದರು. ಕ್ಯಾಂಟರ್‌ಬರಿಯ ಜೊತೆ ಹಳೇ ನಂಟೂ ಇತ್ತು. ಪಿಯರ್ ಅವರ ತಂದೆ ಜ್ಯಾನ್ ಟೈಟಿಂಜರ್ ರೀಮ್ಸ್‌ನ ಮೇಯರ್ ಆಗಿದ್ದ ಕಾಲದಲ್ಲಿ, 1960ರ ದಶಕದಲ್ಲಿ, ರೀಮ್ಸ್ ಮತ್ತು ಕ್ಯಾಂಟರ್‌ಬರಿ ಸೋದರ ನಗರಗಳಾದವು. ಎರಡೂ ದೊಡ್ಡ ಕ್ಯಾಥೆಡ್ರಲ್ ಇರುವ ಊರುಗಳು. ಇಂಥ ಭಾವನೆಯ ಕಾರಣಕ್ಕೆ ಯಾರೂ 170 ಎಕರೆ ಕೊಳ್ಳುವುದಿಲ್ಲ ಅನ್ನಿ. ಆದರೆ ಎಲ್ಲಿ ಕೊಳ್ಳುವುದು ಅಂತ ಯೋಚಿಸುವಾಗ ಅದೂ ತಲೆಯಲ್ಲಿ ಇದ್ದಿರಲಿಕ್ಕೆ ಸಾಕು.

ಹೆಸರಿನ ಕಥೆ ಸ್ವಾರಸ್ಯವಾಗಿದೆ. ಸೇಂಟ್ ಎವ್ರಮಾಂಡ್ 17ನೇ ಶತಮಾನದ ಒಬ್ಬ ಫ್ರೆಂಚ್ ಸೈನಿಕ, ಬರಹಗಾರ. ತನ್ನ ರಾಜನ ಕಣ್ಣು ಕೆಂಪಾಗುವಂತೆ ಏನೋ ಬರೆದು, 1661ರಲ್ಲಿ ಓಡಿಹೋಗಿ, ಕೊನೆಗೆ ಲಂಡನ್ ಸೇರಿದ. ಇಂಗ್ಲೆಂಡಿನ ರಾಜ ಎರಡನೇ ಚಾರ್ಲ್ಸ್‌ನ ಆಸ್ಥಾನಕ್ಕೆ ಶಾಂಪೇನ್ ಪ್ರಾಂತ್ಯದ ವೈನ್ ರುಚಿ ಹತ್ತಿಸಿದವನು ಇವನೇ ಅಂತ ಹೇಳುತ್ತಾರೆ. ರಾಜ ಇವನಿಗೆ ಪಿಂಚಣಿ ಕೊಟ್ಟ. ಸಾಲದ್ದಕ್ಕೆ ಸೇಂಟ್ ಜೇಮ್ಸ್ ಪಾರ್ಕಿನ ಬಾತುಕೋಳಿ ದ್ವೀಪದ ಅಧಿಕಾರಿ ಅಂತ ಒಂದು ಹುದ್ದೆಯನ್ನೂ ಕೊಟ್ಟ! ಕೆಲಸ ಇಲ್ಲ, ಸಂಬಳ ಇದೆ. 1703ರಲ್ಲಿ ತೀರಿಕೊಂಡ ಅವನ ಸಮಾಧಿ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ, ಇಂಗ್ಲಿಷ್ ಕವಿಗಳ ಸಾಲಿನಲ್ಲೇ ಇದೆ. ಫ್ರಾನ್ಸಿನಿಂದ ಬಂದು ಇಂಗ್ಲೆಂಡಿನಲ್ಲಿ ಮರ್ಯಾದೆಯಿಂದ ನೆಲೆ ನಿಂತವನು. ಟೈಟಿಂಜರ್ ಅವರಿಗೆ ಇದಕ್ಕಿಂತ ಒಳ್ಳೇ ಹೆಸರು ಸಿಗುತ್ತಿರಲಿಲ್ಲ.

ಯಾಕೆ ಬಂದರು?

ಮೊದಲು ನೆಲದ ಮಾತು. ರೀಮ್ಸ್ ಸುತ್ತಮುತ್ತ ಮಣ್ಣನ್ನು ಸ್ವಲ್ಪ ಕೆರೆದರೆ ಬಿಳಿ ಸೀಮೆಸುಣ್ಣದ ಕಲ್ಲು ಸಿಗುತ್ತದೆ. ಟೈಟಿಂಜರ್ ಅವರ ನೆಲಮಾಳಿಗೆಯ ಒಂದು ಭಾಗ ರೋಮನ್ನರ ಕಾಲದಲ್ಲಿ ಅಗೆದ ಸುಣ್ಣದ ಗಣಿಗಳಲ್ಲೇ ಇದೆ. ಆ ಕಲ್ಲು ಡೈನೋಸಾರ್ ಕಾಲದ ಕಡಲ ತಳದಲ್ಲಿ ಕಣ್ಣಿಗೆ ಕಾಣದ ಜೀವಿಗಳ ಚಿಪ್ಪು ಕೂತು ಕೂತು ಆದದ್ದು. ಅದೇ ಪದರ ಕಡಲ ಕೆಳಗೆ ಹಾದು ಇಂಗ್ಲೆಂಡಿನ ಕಡೆ ಮತ್ತೆ ಮೇಲೆ ಬರುತ್ತದೆ. ಡೋವರ್ ಊರಿನ ಕಡಲಂಚಿನ ಬಿಳಿ ಬಂಡೆಗಳು ಅದೇ. ಚಿಲಮ್ ಇರುವ ನಾರ್ತ್ ಡೌನ್ಸ್ ಗುಡ್ಡಸಾಲೂ ಅದೇ.

ಈ ಕಲ್ಲು ಎರಡು ಕೆಲಸ ಮಾಡುತ್ತದೆ. ಮಳೆ ಜಾಸ್ತಿ ಆದಾಗ ನೀರನ್ನು ಕೆಳಗೆ ಬಿಟ್ಟುಬಿಡುತ್ತದೆ, ಬೇರು ನೀರಲ್ಲಿ ನಿಲ್ಲುವುದಿಲ್ಲ. ಬಿಸಿಲು ಹೊಡೆದಾಗ ತನ್ನ ಸಣ್ಣ ರಂಧ್ರಗಳಲ್ಲಿ ಹಿಡಿದಿಟ್ಟ ತೇವವನ್ನು ನಿಧಾನವಾಗಿ ಬೇರಿಗೆ ಕೊಡುತ್ತದೆ. ಆದರೆ ಸುಣ್ಣ ಅತಿಯಾದರೆ ಬಳ್ಳಿಗೆ ಕಬ್ಬಿಣದ ಅಂಶ ಸಿಗದೆ ಎಲೆ ಹಳದಿ ತಿರುಗುತ್ತದೆ. ಅದಕ್ಕೇ ಇಂಥ ನೆಲಕ್ಕೆ ಸುಣ್ಣ ತಾಳುವ ಬೇರಿನ ಮೇಲೆ ಕಸಿ ಮಾಡಿದ ಗಿಡ ಬೇಕು. ನಮ್ಮ ವಿಜಯಪುರದ ಕಡೆ ಬರ, ಉಪ್ಪು ನೀರು ತಾಳಲಿ ಅಂತ ಡಾಗ್ರಿಜ್ ಬೇರಿನ ಮೇಲೆ ಕಸಿ ಮಾಡುತ್ತಾರಲ್ಲ, ಲೆಕ್ಕಾಚಾರ ಅದೇ. ಸುಣ್ಣದ ನೆಲಕ್ಕೆ ಫರ್ಕಾಲ್, 41ಬಿ ಅನ್ನುವ ಬೇರುಗಳು ಹೆಸರುವಾಸಿ.

ಎರಡನೆಯದು ಬಿಸಿಲು. ರೀಮ್ಸ್ ಇರುವುದು 49 ಡಿಗ್ರಿ ಅಕ್ಷಾಂಶಕ್ಕೆ ತುಸು ಮೇಲೆ. ಕ್ಯಾಂಟರ್‌ಬರಿ 51 ಡಿಗ್ರಿ ದಾಟಿದೆ. ಎರಡೇ ಡಿಗ್ರಿ ವ್ಯತ್ಯಾಸ. ಆದರೆ ದ್ರಾಕ್ಷಿಗೆ ಅದು ಹಣ್ಣಾಗುವುದು, ಹಣ್ಣಾಗದೇ ಇರುವುದರ ನಡುವಿನ ಗೆರೆ. ದಕ್ಷಿಣ ಇಂಗ್ಲೆಂಡಿನಲ್ಲಿ ಬಳ್ಳಿ ಬೆಳೆಯುವ ತಿಂಗಳುಗಳ ಸರಾಸರಿ ಉಷ್ಣಾಂಶ 1980ರ ದಶಕಕ್ಕೆ ಹೋಲಿಸಿದರೆ ಸುಮಾರು 1 ಡಿಗ್ರಿ ಏರಿದೆ. ಆ ಒಂದು ಡಿಗ್ರಿ ಶಾರ್ಡನೇ, ಪೀನೋ ನ್ವಾರ್ ತಳಿಗಳನ್ನು ಗೆರೆಯ ಈಚೆ ತಂದಿತು.

ಆದರೆ ಇದನ್ನು ಮೊದಲು ಕಂಡುಕೊಂಡವರು ಫ್ರೆಂಚರಲ್ಲ. ಅಮೆರಿಕದ ಶಿಕಾಗೋದಿಂದ ಬಂದ ಸ್ಟೂಅರ್ಟ್ ಮತ್ತು ಸ್ಯಾಂಡಿ ಮಾಸ್ ದಂಪತಿ 1988ರಲ್ಲಿ ವೆಸ್ಟ್ ಸಸೆಕ್ಸ್‌ನ ನೈಟಿಂಬರ್‌ನಲ್ಲಿ ಶಾಂಪೇನಿನ ತಳಿಗಳನ್ನೇ ನೆಟ್ಟರು. ಸೇಬು ನೆಡಿ, ದ್ರಾಕ್ಷಿ ಬೇಡ ಅಂತ ಅವರಿಗೆ ಬುದ್ಧಿ ಹೇಳಿದ್ದರಂತೆ. ಅವರ 1992ರ ಮೊದಲ ವೈನ್ ಬಂದಾಗ ಎಲ್ಲರ ಬಾಯಿ ಮುಚ್ಚಿತು. ಮುಂದೆ ಅದೇ ನೈಟಿಂಬರ್‌ನ ವೈನ್‌ಮೇಕರ್ ಚೆರಿ ಸ್ಪ್ರಿಗ್ಸ್ 2018ರಲ್ಲಿ ಇಂಟರ್‌ನ್ಯಾಷನಲ್ ವೈನ್ ಚಾಲೆಂಜ್‌ನ ವರ್ಷದ ಸ್ಪಾರ್ಕ್ಲಿಂಗ್ ವೈನ್‌ಮೇಕರ್ ಪ್ರಶಸ್ತಿ ಗೆದ್ದರು. ಶಾಂಪೇನ್ ಪ್ರಾಂತ್ಯದ ಹೊರಗಿನವರಿಗೆ ಅದು ಸಿಕ್ಕಿದ್ದು ಆಗಲೇ ಮೊದಲು, ಒಬ್ಬ ಹೆಣ್ಣುಮಗಳಿಗೆ ಸಿಕ್ಕಿದ್ದೂ ಮೊದಲು. ಟೈಟಿಂಜರ್ ಬರುವ ಹೊತ್ತಿಗೆ ಪ್ರಯೋಗ ಮುಗಿದಿತ್ತು. ಬೇರೆಯವರು ಸುಮಾರು ಮೂವತ್ತು ವರ್ಷ ಕೈ ಸುಟ್ಟುಕೊಂಡು ಕಲಿತ ಪಾಠ ಇವರಿಗೆ ಸಿದ್ಧವಾಗಿ ಸಿಕ್ಕಿತು.

ಮೂರನೆಯದು ಲೆಕ್ಕಪುಸ್ತಕದ ಮಾತು. ಇದನ್ನು ಯಾಕೋ ಜಾಸ್ತಿ ಜನ ಹೇಳುವುದಿಲ್ಲ. ಶಾಂಪೇನ್ ಅಂತ ಕರೆಯಬಹುದಾದ ದ್ರಾಕ್ಷಿ ನೆಲಕ್ಕೆ ಕಾನೂನಿನ ಬೇಲಿ ಇದೆ. ಒಟ್ಟು ಸುಮಾರು 34,000 ಹೆಕ್ಟೇರ್. ಅದು ಸುಮ್ನೆ ಬೆಳೆಯುವುದಿಲ್ಲ. ಅಲ್ಲಿ ಒಂದು ಹೆಕ್ಟೇರ್ ತೋಟ ಬೇಕಾದರೆ 10 ಲಕ್ಷ ಯೂರೋ ಆಸುಪಾಸಿನ ಮಾತು, ಅದೂ ಯಾರಾದರೂ ಮಾರಿದರೆ. ಕೆಂಟಿನಲ್ಲಿ ಅದೇ ಸುಣ್ಣದ ನೆಲ ಅದರ ಒಂದು ಸಣ್ಣ ಪಾಲಿಗೆ ಸಿಗುತ್ತದೆ. ಜೊತೆಗೆ ಬ್ರಿಟನ್ ಶಾಂಪೇನಿನ ದೊಡ್ಡ ಗಿರಾಕಿಗಳಲ್ಲಿ ಒಂದು. ಅಲ್ಲಿನವರು ತಮ್ಮದೇ ದೇಶದ ಗುಳ್ಳೆ ವೈನ್ ಕಡೆ ತಿರುಗುತ್ತಿದ್ದಾರೆ ಅಂದರೆ, ದೂರ ನಿಂತು ನೋಡುವುದಕ್ಕಿಂತ ಒಳಗೇ ಇರುವುದು ವಾಸಿ ಅಲ್ವಾ?

ನೆಟ್ಟದ್ದು, ಕಾದದ್ದು

2015ರಲ್ಲಿ ಕೊಂಡ ನೆಲಕ್ಕೆ ಮೊದಲ ಬಳ್ಳಿ ಬಿದ್ದದ್ದು 2017ರ ಮೇ ತಿಂಗಳಲ್ಲಿ. ಮಧ್ಯೆ ಬ್ರೆಕ್ಸಿಟ್ ಜನಮತ ಬಂದು ಹೋಯಿತು. ಇವರು ಹಿಂದೆ ಸರಿಯಲಿಲ್ಲ. ಮೊದಲ ಕಂತಿನಲ್ಲಿ ಸುಮಾರು 20 ಹೆಕ್ಟೇರಿಗೆ ಶಾರ್ಡನೇ, ಪೀನೋ ನ್ವಾರ್, ಮ್ಯೂನಿಯೇ ನೆಟ್ಟರು. ಆಮೇಲಿನ ವರ್ಷಗಳಲ್ಲಿ ಉಳಿದದ್ದು. ಮೂರೂ ಶಾಂಪೇನಿನ ಮುಖ್ಯ ತಳಿಗಳು. ಇವುಗಳಲ್ಲಿ ಶಾರ್ಡನೇ ಮಾತ್ರ ಬಿಳಿ ದ್ರಾಕ್ಷಿ. ಉಳಿದೆರಡು ಕಪ್ಪು, ಆದರೆ ಸಿಪ್ಪೆ ನೆನೆಸದೆ ಮೆಲ್ಲಗೆ ಹಿಂಡಿದರೆ ರಸ ಬಿಳಿಯೇ ಬರುತ್ತದೆ.

ಇಂಗ್ಲೆಂಡಿನ ದ್ರಾಕ್ಷಿ ತೋಟದ ವರ್ಷ ನಮ್ಮದಕ್ಕಿಂತ ಪೂರಾ ಬೇರೆ. ಕರ್ನಾಟಕದಲ್ಲಿ ಬಳ್ಳಿ ಮಲಗುವುದೇ ಇಲ್ಲ. ಏಪ್ರಿಲ್‌ನಲ್ಲೊಂದು ಚಾಟ್ನಿ (ಕಡ್ಡಿ ಸವರುವುದು), ಅಕ್ಟೋಬರ್‌ನಲ್ಲೊಂದು ಚಾಟ್ನಿ ಮಾಡಿ ರೈತನೇ ಅದನ್ನು ನಡೆಸುತ್ತಾನೆ. ಕೆಂಟಿನಲ್ಲಿ ಚಳಿ ಬಳ್ಳಿಯನ್ನು ಮಲಗಿಸುತ್ತದೆ. ಎಲೆ ಉದುರಿ ಬರೀ ಕಡ್ಡಿ ಉಳಿಯುತ್ತದೆ. ಆಗ ಒಂದೇ ಸಲ ಸವರುತ್ತಾರೆ. ಏಪ್ರಿಲ್‌ನಲ್ಲಿ ಮೊಗ್ಗು ಒಡೆಯುತ್ತದೆ. ಜೂನ್ ಕೊನೆ, ಜುಲೈ ಮೊದಲಲ್ಲಿ ಹೂವು. ಅಲ್ಲಿಂದ ಸುಮಾರು ನೂರು ದಿನಕ್ಕೆ ಸುಗ್ಗಿ. ಅಂದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್. ಹೂವಿನ ಹೊತ್ತಿಗೆ ಒಂದು ವಾರ ಚಳಿಮಳೆ ಹಿಡಿದರೆ ಕಾಯಿ ಕಟ್ಟುವುದೇ ಇಲ್ಲ. ಆ ವರ್ಷ ಅಲ್ಲಿಗೇ ಮುಗಿಯಿತು.

ಆದರೆ ರೈತನ ನಿದ್ದೆ ಕೆಡಿಸುವುದು ಏಪ್ರಿಲ್, ಮೇ ತಿಂಗಳ ಹಿಮ. ಎಳೆ ಚಿಗುರು ಒಡೆದಿರುತ್ತದೆ. ಆಕಾಶ ತಿಳಿಯಾದ ರಾತ್ರಿ, ಗಾಳಿ ಇಲ್ಲ. ತಂಪು ಗಾಳಿ ಇಳಿಜಾರಲ್ಲಿ ಜಾರಿ ತಗ್ಗಿಗೆ ಬಂದು ಕೂರುತ್ತದೆ. ಶೂನ್ಯಕ್ಕಿಂತ ಎರಡು ಡಿಗ್ರಿ ಕೆಳಗೆ ಹೋಯಿತೋ, ಬೆಳಿಗ್ಗೆ ಬಿಸಿಲು ಬಿದ್ದಾಗ ಚಿಗುರು ಕಂದು ತಿರುಗಿ ಜೋತು ಬಿದ್ದಿರುತ್ತದೆ. ಬೆರಳಲ್ಲಿ ಮುಟ್ಟಿದರೆ ಪುಡಿ. ಇದನ್ನು ತಡೆಯಲು ಸಾಲುಗಳ ಮಧ್ಯೆ ಬಕೆಟ್ ಗಾತ್ರದ ಮೇಣದ ಬತ್ತಿಗಳನ್ನು ನೂರಾರು ಲೆಕ್ಕದಲ್ಲಿ ಹಚ್ಚುತ್ತಾರೆ. ಬೆಳಗಿನ ಜಾವ ಎರಡು ಗಂಟೆಗೆ ಎದ್ದು, ಒಂದೊಂದಾಗಿ. ನೋಡಲು ಚೆಂದ, ಫೋಟೋ ಎಲ್ಲ ಕಡೆ ಓಡಾಡುತ್ತದೆ. ಮಾಡುವವರಿಗೆ ಮಾತ್ರ ಗೊತ್ತು ಅದರ ಕಷ್ಟ ಮತ್ತು ಖರ್ಚು.

2020ರಲ್ಲಿ ಎಲ್ಲವೂ ಒಟ್ಟಿಗೆ ಬಂತು. ಕೋವಿಡ್ ಲಾಕ್‌ಡೌನ್ ಇತ್ತು. ಬ್ರಿಟನ್ನಿನ ಅಲ್ಲಿಯವರೆಗಿನ ದಾಖಲೆಯಲ್ಲೇ ಅತಿ ಹೆಚ್ಚು ಬಿಸಿಲಿನ ವಸಂತ ಅದು. ಬೇಗ ಚಿಗುರಿತು. ಮೇ ನಡುವಿನಲ್ಲಿ ಹಿಮ ಬಿದ್ದು ದಕ್ಷಿಣದ ಎಷ್ಟೋ ತೋಟಗಳಲ್ಲಿ ಚಿಗುರು ಸುಟ್ಟಿತು. ಆಮೇಲೆ ಆಗಸ್ಟ್‌ನಲ್ಲಿ ಬಿಸಿ ಗಾಳಿ. ಕೊನೆಗೆ ದೇಶದ ತುಂಬ ಸಿಕ್ಕಿದ್ದು ಕಡಿಮೆ ಬೆಳೆ, ಆದರೆ ಚೆನ್ನಾಗಿ ಮಾಗಿದ ಹಣ್ಣು. ಎವ್ರಮಾಂಡ್ ಎಡಿಷನ್ 1ರಲ್ಲಿ ಮುಖ್ಯವಾಗಿ ಇರುವುದು ಆ ವರ್ಷದ ವೈನ್. ನೆಟ್ಟು ನಾಲ್ಕನೇ ಬೇಸಿಗೆ ಕಾಣುತ್ತಿದ್ದ ಎಳೆ ಬಳ್ಳಿಗಳ ಹಣ್ಣು.

ಇಲ್ಲೊಂದು ಮಾತು ಹೇಳಲೇಬೇಕು. ಎಳೆ ಬಳ್ಳಿಯ ವೈನ್‌ಗೆ ಹಣ್ಣಿನ ಘಮ ಇರುತ್ತದೆ, ಆಳ ಇರುವುದಿಲ್ಲ ಅಂತ ವೈನ್ ಜಗತ್ತಿನಲ್ಲಿ ಒಂದು ನಂಬಿಕೆ. ಅರ್ಧ ನಿಜ. ಬಳ್ಳಿಯ ಬೇರು ಸುಣ್ಣದ ಬಿರುಕಿನಲ್ಲಿ ಆಳಕ್ಕೆ ಇಳಿಯಲು ಹತ್ತು ಹದಿನೈದು ವರ್ಷ ಬೇಕು. 50 ಪೌಂಡ್ ಕೊಡುವ ಗಿರಾಕಿ ಇದನ್ನೂ ತಿಳಿದಿರಬೇಕು. ಅವನು ಕೊಡುತ್ತಿರುವುದು ಈ ತೋಟದ ಪೂರ್ತಿ ಶಕ್ತಿಗೆ ಅಲ್ಲ. ಅದು ಕಾಣಬೇಕಾದರೆ 2030ರ ದಶಕ ಬರಬೇಕು.

ಹುಳಿಯನ್ನು ಗುಳ್ಳೆ ಮಾಡುವುದು

ಇನ್ನು ವೈನ್ ಮಾಡಿದ ಬಗೆ. ಶಾಂಪೇನಿನಲ್ಲಿ ಮಾಡುವ ರೀತಿಯೇ ಇಲ್ಲೂ. ಹೆಸರು ಮಾತ್ರ ಶಾಂಪೇನ್ ಅಂತ ಹಾಕುವಂತಿಲ್ಲ. ಇದರ ಉಸ್ತುವಾರಿ ಟೈಟಿಂಜರ್ ಮನೆಯ ಮುಖ್ಯ ವೈನ್‌ಮೇಕರ್ ಅಲೆಕ್ಸಾಂಡ್ರ್ ಪೊನ್ನವಾ ಅವರದು.

ಹಣ್ಣನ್ನು ಕೈಯಲ್ಲೇ ಕೊಯ್ಯಬೇಕು. ಯಂತ್ರ ಹಾಕಿದರೆ ಹಣ್ಣು ಒಡೆಯುತ್ತದೆ, ಕಪ್ಪು ಸಿಪ್ಪೆಯ ಬಣ್ಣ ರಸಕ್ಕೆ ಇಳಿಯುತ್ತದೆ. ಗೊಂಚಲನ್ನು ಬಿಡಿಸದೆ ಇಡಿಯಾಗಿಯೇ ಪ್ರೆಸ್‌ಗೆ, ಅಂದರೆ ರಸ ಹಿಂಡುವ ಯಂತ್ರಕ್ಕೆ, ಹಾಕುತ್ತಾರೆ. ಶಾಂಪೇನ್ ನಿಯಮದ ಪ್ರಕಾರ 4,000 ಕಿಲೋ ದ್ರಾಕ್ಷಿಯಿಂದ 2,550 ಲೀಟರ್ ರಸ ಮಾತ್ರ ತೆಗೆಯಬಹುದು. ಅದರಲ್ಲೂ ಮೊದಲು ಬರುವ 2,050 ಲೀಟರೇ ಶ್ರೇಷ್ಠ. ಇನ್ನೂ ಹಿಂಡಿದರೆ ರಸವೇನೋ ಬರುತ್ತದೆ, ಜೊತೆಗೆ ಒಗರೂ ಬರುತ್ತದೆ. ಇಂಗ್ಲೆಂಡಿನ ಒಳ್ಳೇ ವೈನರಿಗಳು ಹೆಚ್ಚುಕಮ್ಮಿ ಇದೇ ದಾರಿ ಹಿಡಿದಿವೆ.

ಆ ರಸವನ್ನು ಬಾಯಿಗೆ ಹಾಕಿಕೊಂಡರೆ ಹಲ್ಲು ಜುಮ್ಮೆನ್ನುತ್ತದೆ. ಒಂದು ಲೀಟರ್‌ಗೆ 10 ಗ್ರಾಂಗೂ ಮೀರಿದ ಹುಳಿ ಇಂಗ್ಲೆಂಡಿನಲ್ಲಿ ಸಾಮಾನ್ಯ. ಸಾದಾ ವೈನ್ ಮಾಡುವವನಿಗೆ ಇದು ತಲೆನೋವು. ಗುಳ್ಳೆ ವೈನ್ ಮಾಡುವವನಿಗೆ ಇದೇ ಬಂಡವಾಳ. ವರ್ಷಗಟ್ಟಲೆ ಬಾಟಲಿಯಲ್ಲಿ ಕೂತರೂ ವೈನ್ ಸೊರಗದಂತೆ ಹಿಡಿದು ನಿಲ್ಲಿಸುವುದು ಹುಳಿ. ಶಾಂಪೇನಿನಲ್ಲಿ ಬಿಸಿಲು ಏರಿ ಆ ಹುಳಿ ಇಳಿಯುತ್ತಾ ಇದೆ, ಸುಗ್ಗಿ ಆಗಸ್ಟ್‌ಗೇ ಬಂದ ವರ್ಷಗಳೂ ಇವೆ. ಕೆಂಟಿನಲ್ಲಿ ಹುಳಿಗೆ ಬರವಿಲ್ಲ. ಫ್ರೆಂಚರು ಕೊಂಡದ್ದು ಸುಣ್ಣದ ನೆಲವನ್ನು ಅನ್ನುವುದಕ್ಕಿಂತ ಈ ಹುಳಿಯನ್ನು ಅನ್ನಬೇಕು.

ಹುಳಿಯಲ್ಲೂ ಎರಡು ಬಗೆ. ಹಸಿರು ಸೇಬಿನಲ್ಲಿರುವ ಮ್ಯಾಲಿಕ್ ಹುಳಿ ಚುರುಕು. ಹಾಲಿನ ಲ್ಯಾಕ್ಟಿಕ್ ಹುಳಿ ಮೆತ್ತಗೆ. ಮೊದಲ ಹುದುಗು (ರಸ ವೈನ್ ಆಗುವ ಹಂತ) ಮುಗಿದ ಮೇಲೆ ಒಂದು ಬ್ಯಾಕ್ಟೀರಿಯಾ ಮೊದಲನೆಯದನ್ನು ಎರಡನೆಯದಾಗಿ ಮಾರ್ಪಡಿಸುತ್ತದೆ. ಅದನ್ನು ಪೂರ್ತಿ ಬಿಡಬೇಕೋ, ಅರ್ಧಕ್ಕೆ ತಡೆಯಬೇಕೋ ಅನ್ನುವುದು ವೈನ್‌ಮೇಕರ್‌ನ ದೊಡ್ಡ ತೀರ್ಮಾನಗಳಲ್ಲಿ ಒಂದು. ಇಂಗ್ಲೆಂಡಿನಲ್ಲಿ ತಡೆಯದೆ ಬಿಡುವವರೇ ಜಾಸ್ತಿ. ಕಾರಣ ಹೇಳಬೇಕಿಲ್ಲ.

ಆಮೇಲೆ ಮಿಶ್ರಣ. ಇಲ್ಲಿ ಎವ್ರಮಾಂಡ್‌ನ ತೀರ್ಮಾನ ನನಗೆ ತುಂಬ ಮುಖ್ಯ ಅನಿಸುತ್ತದೆ. ಇಂಗ್ಲೆಂಡಿನಲ್ಲಿ ಬಹಳ ಕಾಲ ಒಂದೇ ವರ್ಷದ ಬೆಳೆಯಿಂದ ವೈನ್ ಮಾಡಿ, ಲೇಬಲ್ ಮೇಲೆ ಇಸವಿ ಹಾಕುವ ರೂಢಿ ಇತ್ತು. ಅದರಲ್ಲಿ ಹೆಮ್ಮೆಯಷ್ಟೇ ಬಡತನವೂ ಇತ್ತು. ಹಳೇ ವರ್ಷದ ವೈನ್ ಕೂಡಿಟ್ಟುಕೊಳ್ಳುವಷ್ಟು ಬೆಳೆಯೂ ಇರಲಿಲ್ಲ, ದುಡ್ಡೂ ಇರಲಿಲ್ಲ. ಎವ್ರಮಾಂಡ್‌ನವರು ಲೇಬಲ್ ಮೇಲೆ ಇಸವಿ ಹಾಕಲಿಲ್ಲ, ಎಡಿಷನ್ 1 ಅಂತ ಹಾಕಿದರು. ಅಂದರೆ ಮುಂದೆ 2, 3 ಬರುತ್ತವೆ. ಪ್ರತಿ ಸಲ ಒಂದು ವರ್ಷದ ವೈನ್ ಮುಖ್ಯ, ಅದಕ್ಕೆ ಹಳೇ ವರ್ಷಗಳ ಕೂಡಿಟ್ಟ ವೈನ್ ಸೇರಿಸಿ ರುಚಿ ಒಂದೇ ಹದಕ್ಕೆ ತರುವ ಶಾಂಪೇನ್ ಪದ್ಧತಿ. ಕೆಂಟಿನಂಥ ಹವಾಮಾನದಲ್ಲಿ ಇದು ರುಚಿಗಿಂತ ಹೆಚ್ಚಾಗಿ ವಿಮೆ. 2012ರಲ್ಲಿ ಬೇಸಿಗೆ ಪೂರ್ತಿ ಮಳೆ ಸುರಿದು, ಹಣ್ಣು ನಮ್ಮ ಮಟ್ಟಕ್ಕೆ ಬಂದಿಲ್ಲ ಅಂತ ನೈಟಿಂಬರ್‌ನವರು ಇಡೀ ಸುಗ್ಗಿಯನ್ನೇ ಕೈಬಿಟ್ಟಿದ್ದರು. ಒಂದು ಗೊಂಚಲೂ ಕೊಯ್ಯಲಿಲ್ಲ. ಅಂಥ ವರ್ಷ ಮತ್ತೆ ಬರುವುದಿಲ್ಲ ಅಂತ ಯಾರೂ ಹೇಳಲಾರರು. ಕೂಡಿಟ್ಟ ವೈನ್ ಇದ್ದರೆ ಅಂಗಡಿಯ ಸಾಲು ಖಾಲಿ ಬೀಳುವುದಿಲ್ಲ.

ಮಿಶ್ರಣ ಆದ ಮೇಲೆ ಅದಕ್ಕೆ ಒಂದು ಲೀಟರ್‌ಗೆ ಸುಮಾರು 24 ಗ್ರಾಂ ಸಕ್ಕರೆ ಮತ್ತು ಯೀಸ್ಟ್ ಸೇರಿಸಿ, ದಪ್ಪ ಗಾಜಿನ ಬಾಟಲಿಗೆ ತುಂಬಿ, ಸೋಡಾ ಬಾಟಲಿಯ ಬಿರಡೆಯನ್ನೇ ಹಾಕಿ ಬಿಗಿಯುತ್ತಾರೆ. ಯೀಸ್ಟ್ ಸಕ್ಕರೆ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಹೋಗಲು ದಾರಿಯಿಲ್ಲದೆ ಅದು ವೈನ್‌ನಲ್ಲೇ ಕರಗುತ್ತದೆ. ಒಳಗಿನ ಒತ್ತಡ 6 ಬಾರ್ ಮುಟ್ಟುತ್ತದೆ. ಕಾರಿನ ಟೈರಿನಲ್ಲಿರುವುದರ ಎರಡು ಪಟ್ಟಿಗೂ ಜಾಸ್ತಿ.

ಒಂದು ತಮಾಷೆ ಏನೆಂದರೆ, ಹೀಗೆ ಸಕ್ಕರೆ ಹಾಕಿ ಗುಳ್ಳೆ ಬರಿಸುವ ಉಪಾಯವನ್ನು ಮೊದಲು ಬರೆದಿಟ್ಟವನು ಒಬ್ಬ ಇಂಗ್ಲಿಷಿನವ. 1662ರ ಡಿಸೆಂಬರ್‌ನಲ್ಲಿ ಕ್ರಿಸ್ಟೊಫರ್ ಮೆರೆಟ್ ಅನ್ನುವವನು ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ಒಂದು ಪ್ರಬಂಧ ಕೊಟ್ಟ. ವ್ಯಾಪಾರಿಗಳು ವೈನ್‌ಗೆ ಸಕ್ಕರೆ, ಕಾಕಂಬಿ ಹಾಕಿ ಅದು ಚುರುಕಾಗಿ ಗುಳ್ಳೆಯೇಳುವಂತೆ ಮಾಡುತ್ತಿದ್ದಾರೆ ಅಂತ ಅದರಲ್ಲಿದೆ. ಶಾಂಪೇನಿನ ಜನಕ ಅಂತ ಕರೆಸಿಕೊಳ್ಳುವ ಡೋಮ್ ಪೆರಿನ್ಯೋನ್ ತನ್ನ ಮಠಕ್ಕೆ ಬಂದದ್ದು 1668ರಲ್ಲಿ. ಆ ಒತ್ತಡ ತಾಳುವ ಗಾಜೂ ಮೊದಲು ಇಂಗ್ಲೆಂಡಿನಲ್ಲೇ ಆಯಿತು. ಹಡಗು ಕಟ್ಟಲು ಮರ ಬೇಕು ಅಂತ 1615ರಲ್ಲಿ ಗಾಜಿನ ಕುಲುಮೆಗೆ ಸೌದೆ ಬಳಸುವುದನ್ನು ರಾಜ ನಿಷೇಧಿಸಿದ. ಕಲ್ಲಿದ್ದಲು ಹಾಕಿದರು. ಕಾವು ಏರಿತು, ಗಾಜು ಗಟ್ಟಿಯಾಯಿತು. ಇಂಗ್ಲಿಷಿನವರು ಇದನ್ನು ಹೇಳಲು ಸಿಕ್ಕ ಒಂದು ಅವಕಾಶವನ್ನೂ ಬಿಡುವುದಿಲ್ಲ.

ಗುಳ್ಳೆ ಬಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಸಕ್ಕರೆ ಮುಗಿದು ಸತ್ತ ಯೀಸ್ಟ್ ಗಸಿಯಾಗಿ ಬಾಟಲಿಯ ಹೊಟ್ಟೆಯಲ್ಲಿ ಕೂರುತ್ತದೆ. ಅದರ ಕೋಶಗಳು ನಿಧಾನವಾಗಿ ಒಡೆದು ವೈನ್‌ಗೆ ಬ್ರೆಡ್ಡಿನ, ಹುರಿದ ಕಾಳಿನ ಘಮ ಮತ್ತು ಒಂದು ಬಗೆಯ ನುಣುಪು ಕೊಡುತ್ತವೆ. ಇಂಗ್ಲಿಷ್ ನಿಯಮದ ಪ್ರಕಾರ ಗಸಿಯ ಮೇಲೆ 9 ತಿಂಗಳು ಇಟ್ಟರೆ ಸಾಕು. ಎಡಿಷನ್ 1 ಸುಮಾರು ಮೂರು ವರ್ಷ ಹಾಗೇ ಮಲಗಿತ್ತು. ಸಾಲ ಮಾಡಿ ತೋಟ ಹಾಕಿದವನಿಗೆ 9 ತಿಂಗಳೇ ಉದ್ದ. ಬ್ಯಾಂಕಿನ ಕಂತು ಯೀಸ್ಟಿಗಾಗಿ ಕಾಯುವುದಿಲ್ಲ.

ಕೊನೆಯ ಹಂತವನ್ನು ಹತ್ತಿರದಿಂದ ನೋಡುವುದು ಚೆನ್ನ. ಮಲಗಿದ ಬಾಟಲಿಗಳನ್ನು ತಲೆಕೆಳಗು ಮಾಡುತ್ತಾ, ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಗಸಿಯನ್ನು ಕತ್ತಿನವರೆಗೆ ಇಳಿಸುತ್ತಾರೆ. ಹಿಂದೆ ಇದನ್ನು ಕೈಯಲ್ಲಿ ಮಾಡಲು ವಾರಗಟ್ಟಲೆ ಬೇಕಿತ್ತು. ಈಗ ನೂರಾರು ಬಾಟಲಿಯ ಪಂಜರವನ್ನೇ ಯಂತ್ರ ತಿರುಗಿಸುತ್ತದೆ, ಕೆಲವೇ ದಿನ ಸಾಕು. ಆಮೇಲೆ ಕತ್ತನ್ನು ಮೈನಸ್ 25 ಡಿಗ್ರಿ ಆಸುಪಾಸಿನ ಉಪ್ಪುದ್ರಾವಣದಲ್ಲಿ ಅದ್ದುತ್ತಾರೆ. ಕತ್ತಿನಲ್ಲಿರುವ ಗಸಿ ಮಂಜಿನ ಬಿರಡೆಯಾಗುತ್ತದೆ. ಬಾಟಲಿ ನೆಟ್ಟಗೆ ಮಾಡಿ ಮುಚ್ಚಳ ತೆಗೆದರೆ ಫಟ್ ಅಂತ ಅದು ಹಾರಿಹೋಗುತ್ತದೆ. ಹಿಂದೆಯೇ ಒಂದಿಷ್ಟು ವೈನ್ ನೊರೆಯಾಗಿ ಉಕ್ಕುತ್ತದೆ. ಹೋದ ಜಾಗಕ್ಕೆ ಸಕ್ಕರೆ ಕರಗಿಸಿದ ವೈನ್ ತುಂಬಿ, ಕಾರ್ಕ್ ಹೊಡೆದು, ತಂತಿ ಕಟ್ಟುತ್ತಾರೆ. ಆ ಸಕ್ಕರೆ ಎಷ್ಟು ಅನ್ನುವುದರ ಮೇಲೆ ಹೆಸರು. ಲೀಟರ್‌ಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ಬ್ರೂಟ್. ಇಂಗ್ಲಿಷ್ ವೈನ್‌ನಲ್ಲಿ ಈ ಸಕ್ಕರೆ ಸಿಹಿಗೆ ಅಂತ ಅಲ್ಲ, ಹುಳಿಯ ಮೊನೆ ಸ್ವಲ್ಪ ಮೊಂಡಾಗಲಿ ಅಂತ.

ವೈನರಿ ಆಮೇಲೆ ಬಂತು

ಮೊದಲ ಸುಗ್ಗಿಗಳ ಹೊತ್ತಿಗೆ ಎವ್ರಮಾಂಡ್‌ಗೆ ಈಗಿರುವ ಸ್ವಂತ ವೈನರಿ ಇರಲಿಲ್ಲ. ಅದು ತೆರೆದದ್ದು 2024ರ ಸೆಪ್ಟೆಂಬರ್‌ನಲ್ಲಿ. ಕಟ್ಟಡದ ಬಹುಪಾಲು ಗುಡ್ಡದ ಒಳಗೆ, ನೆಲದಡಿ ಇದೆ. ಬಾಟಲಿ ಮಲಗಲು ಬೇಕಾದ ಒಂದೇ ಹದದ ತಂಪು ನೆಲದಡಿ ಸಹಜವಾಗಿ ಸಿಗುತ್ತದೆ, ಗುಡ್ಡದ ನೋಟವೂ ಕೆಡುವುದಿಲ್ಲ. ವೈನರಿ ಇಲ್ಲದ ತೋಟದವರು ಬೇರೆಯವರ ಹತ್ತಿರ ವೈನ್ ಮಾಡಿಸಿಕೊಳ್ಳುವುದು ಇಂಗ್ಲೆಂಡಿನಲ್ಲಿ ಮಾಮೂಲು. ಆದರೆ ಮೊದಲ ಬಾಟಲಿ ಮಾರುವ ಮುಂಚೆಯೇ ಇಷ್ಟು ದೊಡ್ಡ ಕಟ್ಟಡ ಎಬ್ಬಿಸುವುದು ಮಾಮೂಲಲ್ಲ.

ಹೋಲಿಸಲು ಇನ್ನೊಂದು ಶಾಂಪೇನ್ ಮನೆ ಇದೆ. ವ್ರಾಂಕನ್ ಪೊಮ್ಮರಿಯವರು ಹ್ಯಾಂಪ್‌ಶೈರ್‌ನಲ್ಲಿ ತಮ್ಮದೇ ತೋಟ ಹಾಕಿದರು. ಆದರೆ ಅದು ಫಲ ಕೊಡುವವರೆಗೆ ಕಾಯಲಿಲ್ಲ. ಅಲ್ಲಿನ ಹ್ಯಾಟಿಂಗ್ಲಿ ವ್ಯಾಲಿ ಜೊತೆ ಸೇರಿ ವೈನ್ ಮಾಡಿಸಿ, 2018ರಲ್ಲೇ ಲೂಯಿ ಪೊಮ್ಮರಿ ಇಂಗ್ಲೆಂಡ್ ಅಂತ ಮಾರಲು ಶುರು ಮಾಡಿದರು. ಶಾಂಪೇನ್ ಮನೆಯೊಂದರ ಮೊದಲ ಇಂಗ್ಲಿಷ್ ಬಾಟಲಿ ಅನ್ನುವ ಹೆಸರು ಅವರಿಗೆ ಹೋಯಿತು. ಟೈಟಿಂಜರ್ ಏಳು ವರ್ಷ ಹಿಂದೆ ಬಿದ್ದರು. ಪೊಮ್ಮರಿಯವರದು ತಪ್ಪು ದಾರಿ ಅಂತ ನಾನು ಹೇಳುವುದಿಲ್ಲ. ಮಾರುಕಟ್ಟೆ ಮೊದಲೇ ತಿಳಿಯುತ್ತದೆ, ದುಡ್ಡು ಓಡಾಡುತ್ತದೆ. ಆದರೆ ಬಾಟಲಿಯಲ್ಲಿ ಇರುವುದು ತಮ್ಮ ನೆಲವೇ ಅಂತ ಮೊದಲ ದಿನದಿಂದ ಹೇಳಿಕೊಳ್ಳಬೇಕಾದರೆ ಟೈಟಿಂಜರ್ ಹಿಡಿದ ದಾರಿ ಬಿಟ್ಟು ಬೇರೆ ಇಲ್ಲ.

ಇನ್ನೂ ತೀರದ ಲೆಕ್ಕ

ಎಡಿಷನ್ 1 ಬಂದ ಹೊತ್ತು ಅಷ್ಟೇನೂ ಹಸನಾಗಿಲ್ಲ. ಬ್ರಿಟನ್ನಿನಲ್ಲಿ ಈಗ 4,000 ಹೆಕ್ಟೇರಿಗೂ ಮೀರಿ ದ್ರಾಕ್ಷಿ ಇದೆ, ಸಾವಿರಕ್ಕೂ ಜಾಸ್ತಿ ತೋಟಗಳಿವೆ. 2023ರ ಸುಗ್ಗಿ ದಾಖಲೆ ಮುರಿಯಿತು. ಅದೊಂದೇ ವರ್ಷ 2 ಕೋಟಿ ಬಾಟಲಿಗೂ ಮೀರಿದ ಬೆಳೆ. ಅದೇ ವರ್ಷ ಮಾರಾಟ ಆದದ್ದು ಸುಮಾರು 88 ಲಕ್ಷ ಬಾಟಲಿ. ಉಳಿದದ್ದೆಲ್ಲ ಎಲ್ಲಿಗೆ ಹೋಗಬೇಕು? ಸ್ಪಾರ್ಕ್ಲಿಂಗ್ ಆದ್ದರಿಂದ ನೆಲಮಾಳಿಗೆಯಲ್ಲಿ ಮಲಗಿರುತ್ತದೆ, ಕೆಡುವುದಿಲ್ಲ. ಆದರೆ ಒಂದಲ್ಲ ಒಂದು ದಿನ ಅಂಗಡಿಗೆ ಬರಲೇಬೇಕು. ಹಾಗೆ ಬಂದಾಗ ಬೆಲೆ ಇಳಿಯುತ್ತದೆ. ಸಣ್ಣ ತೋಟದವರು ಈಗಲೇ ಉಸಿರು ಬಿಗಿಹಿಡಿದಿದ್ದಾರೆ.

50 ಪೌಂಡ್‌ಗೆ ಒಳ್ಳೆಯ ಶಾಂಪೇನೇ ಸಿಗುತ್ತದೆ. ಟೈಟಿಂಜರ್ ಅವರದೇ ಬ್ರೂಟ್ ರಿಸರ್ವ್ ಅದಕ್ಕಿಂತ ಕಡಿಮೆಗೆ ಸಿಗುವ ದಿನಗಳಿವೆ. ಒಂದೇ ಮನೆಯ ಎರಡು ಬಾಟಲಿ ಅಕ್ಕಪಕ್ಕ ನಿಂತು, ಹೆಸರಿಲ್ಲದ ಹೊಸದು ಹೆಸರಿರುವ ಹಳೆಯದಕ್ಕಿಂತ ದುಬಾರಿ ಆದರೆ ಗಿರಾಕಿ ಯಾವುದನ್ನು ಎತ್ತಿಕೊಳ್ಳುತ್ತಾನೆ? ಮೊದಲ ವರ್ಷ ಕುತೂಹಲಕ್ಕೆ ಹೊಸದನ್ನು. ಎರಡನೇ ವರ್ಷದ ಮಾತು ಬೇರೆ. ಬೆಲೆ ಯಾಕೆ ಇಳಿಸಲಿಲ್ಲ ಅಂದರೆ, ಇಳಿಸಲು ಬರುವುದಿಲ್ಲ. ಇಂಗ್ಲೆಂಡಿನ ಹೆಕ್ಟೇರ್ ಇಳುವರಿ ಶಾಂಪೇನಿನ ಅರ್ಧ ಮುಟ್ಟುವುದೇ ಕಷ್ಟ. ಕೂಲಿ ದುಬಾರಿ. ಹತ್ತು ವರ್ಷದ ಬಡ್ಡಿಯೂ ಆ ಬಾಟಲಿಯಲ್ಲೇ ಕೂತಿದೆ.

ಹೊಸ ವೈನರಿಯ ಬಾಗಿಲು ತೆರೆದ 2024ರಲ್ಲಿ ಮಳೆ ಬಿಡಲಿಲ್ಲ. ದೇಶದ ಒಟ್ಟು ಬೆಳೆ ಹಿಂದಿನ ವರ್ಷದ ಅರ್ಧದ ಆಸುಪಾಸಿಗೆ ಇಳಿಯಿತು. ಆ ಸುಗ್ಗಿಯ ಬಾಟಲಿಗಳು ಅಂಗಡಿಗೆ ಬರುವುದು ಈ ದಶಕದ ಕೊನೆಗೆ. ಅಷ್ಟರೊಳಗೆ 2022, 2023ರ ಒಳ್ಳೇ ವೈನನ್ನು ಎಷ್ಟು ಕೂಡಿಟ್ಟುಕೊಂಡಿದ್ದಾರೆ, ಎಷ್ಟು ಮಾರಿಬಿಟ್ಟಿದ್ದಾರೆ ಅನ್ನುವುದರ ಮೇಲೆ ಆಗಿನ ಎಡಿಷನ್ ಹೇಗಿರುತ್ತದೆ ಅನ್ನುವುದು ನಿಂತಿದೆ.